ಭೂಮಿ ಸುತ್ತಿ ಬಂದ ಅಂಬಮ್ಮನ ಒಡಪು

ನಮ್ಮ ಅಂಬಮ್ಮತ್ತೆ ಗಂಡನ ಜೊತೆ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದಳು. ಆದೋನಿಯ ಪೇಟೆಯಲ್ಲಿ ಈ ಮಾತು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ "ಯಾವ ನೀರಿನಾಗ?" ಎಂದು ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬೀಗರು ಬಂದರೂ "ಕುಂದ್ರಿ, ಬಂದೆ" ಎಂದು ಕೊಡ ಎತ್ತಿಕೊಂಡು ಓಡುವ ಊರು ನಮ್ಮದು.

ಆದರೆ ನಮ್ಮವ್ವ ಗಾದಿಲಿಂಗಮ್ಮನಿಗೆ ಭೂಮಿ ಸುತ್ತಿದ್ದು ಅಂಥ ದೊಡ್ಡ ಸುದ್ದಿಯೇ ಅಲ್ಲ. ಭೂಮಿ ದುಂಡಗಿದೆ, ಸುಮ್ಮನೆ ಹೋಗುತ್ತಿದ್ದರೆ ವಾಪಸು ಬರಲೇಬೇಕು, ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವಳ ವಾದ. ಅವಳಿಗೆ ಬೇಕಾಗಿದ್ದ ಸುದ್ದಿ ಒಂದೇ. ಅಂಬಮ್ಮ ಗಂಡನ ಹೆಸರು ಹೇಳಿದಳೋ ಇಲ್ಲವೋ?

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಆಡಲೇಬೇಕಾಗಿ ಬಂದರೆ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಬಚ್ಚಿಟ್ಟು, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿ ಮುಗಿಸುತ್ತಾರೆ. ಮದುವೆಯಾಗಿ ಮನೆಗೆ ಬಂದ ಸೊಸೆಯನ್ನು ನಾದಿನಿ ಹೊಸ್ತಿಲಲ್ಲೇ ತಡೆಯುತ್ತಾಳೆ. ಬಾಗಿಲಿಗೆ ಕೈ ಅಡ್ಡ ಇಟ್ಟು, ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಅಂಗಳದಲ್ಲೇ ಇರು ಎನ್ನುತ್ತಾಳೆ. ನಮ್ಮವ್ವ ತನ್ನ ಮದುವೆಯಲ್ಲಿ ಹೇಳಿದ್ದು ಇವತ್ತಿಗೂ ಅವಳ ನಾಲಗೆಯ ತುದಿಯಲ್ಲಿದೆ: "ಹೊಲದಾಗ ಹತ್ತಿ ಅರಳೈತಿ ತುಂಬ, ಚಂದ್ರಣ್ಣ ಅವರು ಅದಾರ ನನ್ನ ಕಣ್ತುಂಬ." ನಮ್ಮಪ್ಪ ಚಂದ್ರಣ್ಣ ಪೇಟೆಯಿಂದ ತಡವಾಗಿ ಬಂದ ದಿನವೂ ಅವ್ವ ಇದನ್ನೇ ಹೇಳುತ್ತಾಳೆ, ಆದರೆ ಅವತ್ತಿನ ರಾಗ ಬೇರೆ.

ಏಕಾಂತಪ್ಪ ನಮ್ಮವ್ವನ ತಮ್ಮ, ನನ್ನ ಸೋದರಮಾವ. ಅವನ ಮದುವೆಯ ದಿನ ಅವ್ವ ಬಾಗಿಲಿಗೆ ಕೈ ಅಡ್ಡ ಇಟ್ಟು ಠೀವಿಯಿಂದ ನಿಂತಿದ್ದಳು. ಪೆದ್ದಕಡುಬೂರಿನಿಂದ ಬಂದ ಮದುಮಗಳು ಅಂಬಮ್ಮ ತಲೆ ತಗ್ಗಿಸಿ ನಿಂತಳು. ಎಲ್ಲರೂ ಕಿವಿಗೊಟ್ಟು ಕಾದರು. ಹುಡುಗಿ ಒಮ್ಮೆ ಉಸಿರೆಳೆದುಕೊಂಡಳು, ಥಟ್ಟನೆ ಬಗ್ಗಿ ಅವ್ವನ ಕಂಕುಳ ಕೆಳಗಿನಿಂದ ನುಸುಳಿ ನೆಟ್ಟಗೆ ಅಡಿಗೆಮನೆ ಸೇರಿಬಿಟ್ಟಳು. ಜನ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಅಂದಿನಿಂದ ಯಾವ ಸೀಮಂತವಿರಲಿ, ಗೃಹಪ್ರವೇಶವಿರಲಿ, ಹತ್ತು ಹೆಂಗಸರು ಕೂಡಿದಲ್ಲಿ ಅವ್ವ "ಅಂಬಮ್ಮಂದು ಇನ್ನೂ ಹಂಗಾ ಉಳದೈತಿ ನೋಡ್ರೆವ್ವಾ" ಎಂದು ಶುರು ಮಾಡುತ್ತಿದ್ದಳು. ಅತ್ತೆ ಆಗ ಎಲ್ಲಿಲ್ಲದ ಕೆಲಸ ನೆನಪಿಸಿಕೊಂಡು ಎದ್ದು ಹೋಗುತ್ತಿದ್ದಳು.

ಅತ್ತೆ ಸೊಕ್ಕಿನವಳಲ್ಲ. ಅವಳಿಗೆ ಆ ಹೆಸರು ಬಾಯಿಗೆ ಬರುತ್ತಲೇ ಇರಲಿಲ್ಲ, ಅಷ್ಟೆ. ಅದಕ್ಕೆ ಕಾರಣವೂ ಇತ್ತು. ಹತ್ತಿ ಮಂಡಿಯ ಮನೆಯಲ್ಲಿ ಹುಟ್ಟಿದ ಮಾವ ಮಂಡಿಯ ಗದ್ದುಗೆಯ ಮೇಲೆ ಕೂರುವುದು ಬಿಟ್ಟು ನೌಕಾಪಡೆ ಸೇರಿದ. ಹಿರಿಯರೆಲ್ಲ ತಲೆ ತಲೆ ಚಚ್ಚಿಕೊಂಡರು. ಅವನು ಹಡಗಿನಲ್ಲಿ, ಅತ್ತೆ ಆದೋನಿಯ ತುಂಬಿದ ಮನೆಯಲ್ಲಿ. ರಜೆಗೆ ಬಂದಾಗ ಅವಳ ಅತ್ತೆ-ಮಾವ, ಮನೆಯ ಚಿಕ್ಕಮ್ಮ-ಚಿಕ್ಕಪ್ಪಂದಿರ ನಡುವೆ ಗಂಡ ಹೆಂಡತಿ ನಾಲ್ಕು ಮಾತಾಡಲು ಮಾಳಿಗೆ ಹತ್ತಬೇಕಿತ್ತು. ಅವನೂ ಅವಳ ಹೆಸರು ಹಿಡಿದು ಕರೆದವನಲ್ಲ. ಮೊದಲು "ಏ, ಕೇಳಿಲ್ಲೆ" ಎನ್ನುತ್ತಿದ್ದ, ಮಗ ಹುಟ್ಟಿದ ಮೇಲೆ "ಹಾಲೇಶನವ್ವಾ" ಎಂದ. ನೌಕಾಪಡೆಯ ಕೆಲಸ ಮುಗಿದರೂ ಅವನು ಊರಿಗೆ ಮರಳಲಿಲ್ಲ. ಕೊಚ್ಚಿಯ ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸುವುದು ಕಲಿಸುತ್ತ ಉಳಿದ. ಮದುವೆಯಾಗಿ ಮೂವತ್ತು ವರ್ಷ ಎಂದು ಹೇಳಿಕೊಳ್ಳಬಹುದು. ಜೊತೆಗಿದ್ದದ್ದು ಬರೀ ರಜೆ.

ಆ ಕ್ಲಬ್ಬಿನಲ್ಲಿ ವಯಸ್ಸಾದ ಒಬ್ಬ ಡಾಕ್ಟರಿದ್ದರು. ಮಂಡಿನೋವಿನಿಂದ ದೋಣಿ ಹತ್ತಲಾಗದೆ, ತಮ್ಮ ಹಳೆಯ ಯಾಟನ್ನು "ನಿಂತು ಕೊಳೆಯೋ ಬದಲು ತಿರುಗಲಿ" ಎಂದು ಮಾವನ ಕೈಗೆ ಕೊಟ್ಟುಬಿಟ್ಟರು. ಯಾಟ್ ಎಂದರೆ ಅರಮನೆ ಎಂದುಕೊಳ್ಳಬೇಡಿ. ಹತ್ತಿ ಸಾಗಿಸುವ ಲಾರಿಗಿಂತ ತುಸು ಉದ್ದ. ಎರಡು ಹಾಯಿ, ಒಂದು ಎಂಜಿನ್, ಒಳಗೆ ಮಲಗಲು ಜಾಗ, ಎರಡು ಬರ್ನರಿನ ಒಲೆ. ಮಾವ ರೈಲು ಹತ್ತಿ ಊರಿಗೆ ಬಂದವನೇ ಊಟದ ಹೊತ್ತಿನಲ್ಲಿ ಸುದ್ದಿ ಒಡೆದ. ಆ ದೋಣಿಯಲ್ಲಿ ಭೂಮಿ ಸುತ್ತಿ ಬರುತ್ತೇನೆ, ಆಮೇಲೆ ಮನೆಯಲ್ಲೇ ಇರುತ್ತೇನೆ ಎಂದ.

ಮಗ ಹಾಲೇಶ್ ತಟ್ಟೆಯಿಂದ ಕೈ ಎತ್ತಿದ. ಅವನದು ಇಲ್ಲೇ ಹತ್ತಿಬೀಜದ ಅಂಗಡಿ. ಹುಟ್ಟಿದ್ದೇ ಹೆದರಿಕೊಂಡು ಎಂಬಂಥ ಹುಡುಗ.

"ಅಪ್ಪಾ, ನಿಮಗೇನ್ ಪಿಚ್ಚಿಗಿಚ್ಚಿ ಹಿಡದೈತೇನು? ಈ ವಯಸ್ಸಿನಾಗ ಮಂದಿ ಶ್ರೀಶೈಲಕ್ಕ ಹೋಗ್ತಾರ. ಬಸ್ಸಿನಾಗ ಹೋಗ್ತಾರ!"

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ನಾನೂ ಬರ್ತೀನಿ" ಎಂದಳು.

ನಾನು ಅವತ್ತು ಅಲ್ಲೇ ಇದ್ದೆ. ಮಾವನೇ ಮೊದಲು ಚೇತರಿಸಿಕೊಂಡು, "ನೀ ಸಮುದ್ರಾನ ನೋಡಿಲ್ಲಲೇ" ಎಂದ.

"ಅದಕ್ಕಾ ಬರ್ತೀನಿ ಅಂದೆ. ನೀವು ಹೋಗೂದು ನೋಡ್ಕೊಂತ ಬಾಗಲದಾಗ ನಿಂತು ನಿಂತು ನನಗ ಆ ಬಾಗಲಾ ಬ್ಯಾಸರಾಗೈತಿ. ಹೋದಾಗೆಲ್ಲ ನೀವು ಏನ್ ನೋಡ್ತೀರಿ ಅಂತ ನಾನೂ ಒಮ್ಮೆ ನೋಡ್ಬೇಕು."

ನನ್ನ ಕಣ್ಣಲ್ಲಿ ನೀರು ಬಂತು. ಹಾಲೇಶನಿಗೆ ಬಿಕ್ಕಳಿಕೆ ಬಂತು. ನಮ್ಮವ್ವ ಮಾತ್ರ ತುಪ್ಪ ಬಡಿಸುತ್ತ, "ಒಡಪು ಹೇಳಿ ಹೋಗು" ಎಂದಳು.

ಕೊಚ್ಚಿಗೆ ಹೋದ ದಿನವೇ ಗಂಡ ಹೆಂಡತಿಗೆ ಮೊದಲ ಜಗಳವಾಯಿತು. ಮಾವ ದೋಣಿಯ ಹಿಂಬದಿಗೆ ಹೊಸ ಹೆಸರು ಬರೆಸಿದ್ದ. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ: ಅಂಬಮ್ಮ. ಅತ್ತೆ ನೋಡಿ ಖುಷಿಯಾಗುತ್ತಾಳೆಂದು ಪಾಪ ಕಾಯುತ್ತ ನಿಂತಿದ್ದ.

"ಏನ್ರೀ ಇದು? ನನ್ನ ಹೆಸರಿನ ಮ್ಯಾಲ ಮಂದಿ ಕಾಲಿಟ್ಟು ಹತ್ತಬೇಕೇನು?" ಎಂದು ಅತ್ತೆ ರೇಗಿದಳು. ಕೊನೆಗೆ ಏಣಿಯನ್ನು ಹೆಸರಿನ ಮೇಲಿಂದ ತೆಗೆಸಿ ಪಕ್ಕಕ್ಕೆ ಹಾಕಿಸಿದ ಮೇಲೆಯೇ ಅವಳು ಹತ್ತಿದ್ದು.

ಎರಡನೆಯ ಜಗಳ ಪಾಠದ ಹೊತ್ತಿಗೆ. ಪೆದ್ದಕಡುಬೂರಿನ ಹೊಲದ ಬಾವಿಯಲ್ಲಿ ಈಜು ಕಲಿತವಳು ಅತ್ತೆ. ನೀರಿನ ಹೆದರಿಕೆ ಇರಲಿಲ್ಲ. ಹಾಯಿ ಎತ್ತುವುದು, ಇಳಿಸುವುದು, ಚುಕ್ಕಾಣಿ ಹಿಡಿಯುವುದು, ಎಲ್ಲವನ್ನೂ ಒಂದು ಮಳೆಗಾಲದಲ್ಲಿ ಕಲಿತಳು. ಹಾಯಿ ಹರಿದರೆ ಹತ್ತಿ ತುಂಬುವ ಅಂಡಿಗೆ ಚೀಲ ಹೊಲಿಯುವ ದಬ್ಬಳದಲ್ಲೇ ಹೊಲಿಯುವೆನೆಂದು ಊರಿನಿಂದ ದಬ್ಬಳ ತರಿಸಿಕೊಂಡಳು. ಮಾವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಎರಡೇ ಮಾತು. ಒಂದು, ಒಳಗಿನಿಂದ ಮೇಲೆ ಬಂದಾಗ ಸೊಂಟದ ಬೆಲ್ಟಿನ ಕೊಕ್ಕೆಯನ್ನು ದೋಣಿಗೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಲೇಬೇಕು. ಎರಡು, ಯಾರಾದರೂ ನೀರಿಗೆ ಬಿದ್ದರೆ ಕಿತ್ತಳೆ ಬಣ್ಣದ ತೇಲುಬಳೆ ಎಸೆದು, ಹೆಸರು ಹಿಡಿದು ಜೋರಾಗಿ ಕೂಗಬೇಕು. ಬಿದ್ದವರಿಗೆ ದೋಣಿ ಎಲ್ಲಿದೆ ಎಂದು ಗೊತ್ತಾಗಬೇಕು, ಅವರು ಓಗೊಟ್ಟರೆ ಇವರಿಗೆ ಅವರು ಎಲ್ಲಿದ್ದಾರೆಂದು ಗೊತ್ತಾಗಬೇಕು.

"ನಾ ರೀ ಅಂತೀನಿ" ಎಂದಳು ಅತ್ತೆ.

"ರೀ ಅಂದ್ರ ಗಾಳ್ಯಾಗ ಕೇಳಂಗಿಲ್ಲ. ಹೆಸರು ಕೂಗಬೇಕು."

"ನಡು ಸಮುದ್ರದಾಗ ಮತ್ಯಾರ ಗಂಡಂದಿರು ಇರ್ತಾರ್ರೀ, ರೀ ಅಂದ್ರ ನಂದೋ ನಿಂದೋ ಅಂತ ತಿರುಗಿ ನೋಡಾಕ? ನೀವೊಬ್ರಾ ಇರೂದು!"

ಈ ತರ್ಕಕ್ಕೆ ನೌಕಾಪಡೆಯಲ್ಲಿ ಉತ್ತರ ಕಲಿಸಿರಲಿಲ್ಲವಂತೆ.

ಸಂಕ್ರಾಂತಿ ಕಳೆದ ಮೇಲೆ ಕೊಚ್ಚಿಯಿಂದ ಹಾಯಿ ಎತ್ತಿದರು. ಅತ್ತೆ ತುಂಬಿಸಿಕೊಂಡಿದ್ದ ಸಾಮಾನು ನೋಡಿದರೆ ಯಾರೋ ಸೀಮಂತಕ್ಕೆ ಹೊರಟಂತಿತ್ತು. ಖಡಕ್ ರೊಟ್ಟಿಯ ಕಟ್ಟುಗಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಮೇಲೆ ಚೀಲ ಚೀಲ ಮಂಡಕ್ಕಿ. ಆದೋನಿಯವರಿಗೆ ಬೆಳಿಗ್ಗೆ ಉಗ್ಗಾಣಿ ಬೇಕೇ ಬೇಕು, ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕದಿದ್ದರೆ ನಮಗೆ ಬೆಳಗೇ ಆಗುವುದಿಲ್ಲ. ಹಗುರವಾದ ಸಾಮಾನು ದೋಣಿಗೆ ಒಳ್ಳೆಯದು ಎಂದು ಅತ್ತೆಯ ಅಂದಾಜು. ಮಾಲ್ದೀವ್ಸ್ ಮುಟ್ಟುವಷ್ಟರಲ್ಲಿ ಉಪ್ಪುಗಾಳಿ ಕುಡಿದು ಅಷ್ಟೂ ಮಂಡಕ್ಕಿ ಹತ್ತಿಯ ಹಾಗೆ ಮೆತ್ತಗಾಗಿತ್ತು. ನೆನೆಸುವ ಕೆಲಸವನ್ನು ಸಮುದ್ರವೇ ಮಾಡಿಕೊಟ್ಟಿತೆಂದು ಅತ್ತೆ ಬರೀ ಒಗ್ಗರಣೆ ಹಾಕಿ ಮುಗಿಸಿದಳು.

ಮೊದಲ ವಾರ ಅವಳಿಗೆ ವಾಂತಿ. ತಲೆ ಎತ್ತಿದರೆ ವಾಂತಿ, ಮಲಗಿದರೆ ವಾಂತಿ. ಮಾವ ತಲೆ ಹಿಡಿದು ಕೂರುತ್ತಿದ್ದ, ಗಂಜಿ ಮಾಡಿ ಕುಡಿಸುತ್ತಿದ್ದ. "ಹಾಲೇಶ ಹೊಟ್ಟ್ಯಾಗಿದ್ದಾಗ ಇವರು ಎಲ್ಲೋ ಹಡಗದಾಗಿದ್ರು. ಆಗಿನ ಸೇವಾನೆಲ್ಲ ಈಗ ಮಾಡಿಸ್ಕೊಂಡೆ" ಎಂದು ಅತ್ತೆ ನನಗೆ ಹೇಳುತ್ತ ನಕ್ಕಿದ್ದಳು. ವಾಂತಿ ನಿಂತ ದಿನ ಎದ್ದು ಮಿಂದು, ಬಕೆಟ್ಟಿನಲ್ಲಿ ಹಿಡಿದಿಟ್ಟಿದ್ದ ಮಳೆನೀರಿನಿಂದ ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು ಚುಕ್ಕಾಣಿ ಹಿಡಿದಳು.

ಅಟ್ಲಾಂಟಿಕ್ ಸಾಗರದಲ್ಲಿ ರೆಕ್ಕೆಮೀನುಗಳ ಕಾಟ. ಅವು ಹಾರಿ ಬಂದು ದೋಣಿಯೊಳಗೆ ಬೀಳುತ್ತವೆ. ಬೇರೆ ದೋಣಿಗಳವರು ದೇವರು ಕೊಟ್ಟ ನಾಷ್ಟಾ ಎಂದು ಹುರಿದು ತಿನ್ನುತ್ತಾರಂತೆ. ನಮ್ಮ ಅತ್ತೆ ಮೊರದಲ್ಲಿ ಎತ್ತಿಕೊಂಡು, "ಕಣ್ಣು ಕಾಣಂಗಿಲ್ಲೇನು? ಲಿಂಗಾಯತರ ಮನಿಗೆ ಬರ್ತೀರೇನು?" ಎಂದು ಬೈದು ವಾಪಸು ನೀರಿಗೆ ಬಿಡುತ್ತಿದ್ದಳು. ಮೀನುಗಳು ಬೈಸಿಕೊಂಡು ಹೋಗುತ್ತಿದ್ದವು.

ಇಷ್ಟರ ನಡುವೆ ಅತ್ತೆಗೆ ಒಂದು ಸಂಗತಿ ನಿಧಾನವಾಗಿ ತಿಳಿಯುತ್ತ ಬಂತು. ದೋಣಿಯಲ್ಲಿ ವೈರ್‌ಲೆಸ್ಸಿತ್ತು. ದೂರದಲ್ಲಿ ಹಡಗು ಕಂಡರೆ, ಬಂದರು ಹತ್ತಿರವಾದರೆ, ಅಕ್ಕಪಕ್ಕದ ದೋಣಿಗಳ ಸುಖದುಃಖ ಕೇಳಬೇಕೆಂದರೆ ಅದರಲ್ಲಿ ಮಾತಾಡಬೇಕು. ಮಾತಿಗೆ ಮೊದಲು ನಮ್ಮ ದೋಣಿಯ ಹೆಸರನ್ನು ಮೂರು ಸಲ ಹೇಳುವುದು ಅಲ್ಲಿಯ ರೂಢಿ. ಹಾಗಾಗಿ ದಿನ ಬೆಳಗಾದರೆ ಮಾವ ಮೈಕು ಹಿಡಿದು, "ಅಂಬಮ್ಮ, ಅಂಬಮ್ಮ, ಅಂಬಮ್ಮ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ತಾನಾಗಿ ನಿಂತಿತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಹೆಸರು ಹಿಡಿದು ಕರೆಯದ ಗಂಡ, ಈಗ ಯಾರ ಭಯವೂ ಇಲ್ಲದೆ, ಕೇಳುವವರೆಲ್ಲ ಕೇಳಲಿ ಎಂದು ಕರೆಯುತ್ತಿದ್ದಾನೆ.

"ಅದಕ್ಕಾ ಬರಸಿದ್ರೇನು ಹೆಸರು?" ಎಂದು ಕೇಳಿದಳಂತೆ. ಮಾವ ಮೈಕಿನ ಗುಂಡಿ ಒತ್ತುವುದರಲ್ಲೇ ಮುಳುಗಿಹೋದಂತೆ ನಟಿಸಿದ. ಅವನ ಕಿವಿ ಕೆಂಪಾಗಿದ್ದು ಬಿಸಿಲಿಗೋ ಬೇರೆಯದಕ್ಕೋ ಎಂದು ಅತ್ತೆ ಇವತ್ತಿಗೂ ನನ್ನನ್ನು ಕೇಳುತ್ತಾಳೆ, ಉತ್ತರ ತನಗೆ ಗೊತ್ತಿದ್ದೂ.

ಬಂದರುಗಳಲ್ಲಿ ಅವರಿಗೆ ನೆಂಟರೇ ನೆಂಟರು. ಕೇಪ್‌ಟೌನಿನಲ್ಲಿ ಪಕ್ಕದ ದೋಣಿಯ ಫ್ರೆಂಚ್ ದಂಪತಿಗೆ ಅತ್ತೆ ಮೆಣಸಿನಕಾಯಿ ಬಜ್ಜಿ ಮಾಡಿ ಬಡಿಸಿದಳು. ಆ ಗಂಡ ಒಂದು ತಿಂದು ನೀರಿಗೆ ಹಾರಿದನಂತೆ, ಮೇಲೆ ಬಂದು ಇನ್ನೊಂದು ಕೇಳಿದನಂತೆ. ಪನಾಮಾ ಕಾಲುವೆ ದಾಟುವಾಗ ಅಲ್ಲಿಯ ಅಧಿಕಾರಿ ಕ್ಯಾಪ್ಟನ್ನಿನ ಹೆಸರೇನೆಂದು ಅತ್ತೆಯನ್ನೇ ಕೇಳಿದ. ಅತ್ತೆ ಗಂಡನ ಕಡೆ ಕೈ ಮಾಡಿ ತೋರಿಸಿ, ಹಾಯಿ ಮಡಿಸಲು ಹೋದಳು. ಊರಿಗೆ ವಿಡಿಯೊ ಕಾಲ್ ಮಾಡಿದಾಗೆಲ್ಲ ನಮ್ಮವ್ವ ಕುಶಲ ಕೇಳಿ ಮುಗಿಸುವ ಮೊದಲೇ, "ಈಗರ ಹೇಳಿದೇನು?" ಎನ್ನುತ್ತಿದ್ದಳು.

"ನೆಟ್‌ವರ್ಕ್ ಇಲ್ಲ ಅಕ್ಕಾರ, ಏನೂ ಕೇಳವಲ್ದು" ಎಂದು ಅತ್ತೆ ಫೋನು ಇಡುತ್ತಿದ್ದಳು. ಅವಳ ಹಿಂದೆ ಟಹೀಟಿ ದ್ವೀಪದ ಗುಡ್ಡದ ಎಲೆ ಎಲೆಯೂ ನಮಗೆ ಕಾಣುವಷ್ಟು ನೆಟ್‌ವರ್ಕ್ ಇರುತ್ತಿತ್ತು.

ಮೂರನೆಯ ವರ್ಷ ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಬಂದರು. ಅಲ್ಲಿಯ ಒಂದು ಅಂಗಡಿಯಲ್ಲಿ ಅತ್ತೆಗೆ ಜೋಳದ ಹಿಟ್ಟು ಸಿಕ್ಕಿತು. ಆಫ್ರಿಕಾ ಬಿಟ್ಟ ಮೇಲೆ ಜೋಳದ ವಾಸನೆಯೇ ಇಲ್ಲದೆ, ಇದ್ದಬದ್ದ ಮೈದಾ ತಿಂದು ನಾಲಗೆ ಕೆಟ್ಟುಹೋಗಿತ್ತು. ಅತ್ತೆ ದೋಣಿ ಕಟ್ಟಿದಲ್ಲೇ ಕೂತು ರೊಟ್ಟಿ ಬಡಿದಳು, ಒಣಗಿಸಿ ಖಡಕ್ ಮಾಡಿದಳು. ಪಕ್ಕದ ದೋಣಿಯವರು ಇದು ತಿನ್ನುವುದೋ ದೋಣಿಗೆ ತೇಪೆ ಹಾಕುವುದೋ ಎಂದು ವಿಚಾರಿಸಿದರಂತೆ. ಮಾವ ಆ ಕಟ್ಟುಗಳನ್ನು ಒಡವೆಯ ಹಾಗೆ ಒಳಗಿಟ್ಟ. ದಿನಕ್ಕೆ ಇಷ್ಟೇ ಎಂದು ಬೇರೆ ಕಟ್ಟಪ್ಪಣೆ. ಮುಂದಿನದು ಕೊನೆಯ ಸಮುದ್ರ. ದಾಟಿದರೆ ಶ್ರೀಲಂಕಾ, ಆಮೇಲೆ ಕೊಚ್ಚಿ, ಆಮೇಲೆ ಮನೆ.

ಹಿಂದೂ ಮಹಾಸಾಗರದಲ್ಲಿ ಮೂರು ದಿನ ಮಳೆ ಹಿಡಿಯಿತು. ಬಿಟ್ಟ ಬೆಳಿಗ್ಗೆ ನೋಡಿದರೆ ರೊಟ್ಟಿಗಳೆಲ್ಲ ತಂಪು ಕುಡಿದು ಬಗ್ಗಲು ಶುರುವಾಗಿದ್ದವು. ಒಳ್ಳೆಯ ಬಿಸಿಲಿತ್ತು. ನಮ್ಮೂರಿನಲ್ಲಾಗಿದ್ದರೆ ಏನು ಮಾಡುತ್ತಿದ್ದಳೋ ಅದನ್ನೇ ಅತ್ತೆ ಅಲ್ಲೂ ಮಾಡಿದಳು. ಹಳೆಯ ಸೀರೆ ಹಾಸಿ, ಮಾಳಿಗೆಯ ಮೇಲೆ ಹರವಿದಂತೆ ದೋಣಿಯ ಮುಂಭಾಗದಲ್ಲಿ ರೊಟ್ಟಿ ಹರವಿ, ಸೀರೆಯ ಅಂಚುಗಳನ್ನು ಕಟ್ಟಿ, ಚಹಾ ಇಡಲು ಒಳಗಿಳಿದಳು. ದೋಣಿ ತನ್ನ ಪಾಡಿಗೆ ತಾನು ನಡೆಯುವಂತೆ ಚುಕ್ಕಾಣಿ ಬಿಗಿದು, ಮಾವ ಹಲ್ಲುಜ್ಜುತ್ತ ಕೂತಿದ್ದ.

ಎಲ್ಲಿಂದಲೋ ಬಂದ ಒಂದು ಅಲೆ ದೋಣಿಯ ಪಕ್ಕೆಗೆ ಬಡಿಯಿತು. ಸೀರೆಯ ಒಂದು ಗಂಟು ಬಿಚ್ಚಿತು. ರೊಟ್ಟಿಗಳು ಸಾಲಾಗಿ ಜಾರತೊಡಗಿದವು. ಮೂರು ವರ್ಷ ಹೆಂಡತಿಗೆ ಕೊಕ್ಕೆ ಕೊಕ್ಕೆ ಎಂದು ಪಾಠ ಹೇಳಿದ ಏಕಾಂತಪ್ಪ, ಕೊಕ್ಕೆಯನ್ನು ಮರೆತು ಎದ್ದು ಓಡಿದ. ಅತ್ತೆಗೆ ಕೆಳಗೆ "ಅಯ್ಯೋ ರೊಟ್ಟಿ!" ಎಂಬ ಕೂಗು ಕೇಳಿಸಿತು. ಅವಳು ಮೇಲೆ ಬರುವಷ್ಟರಲ್ಲಿ ರೊಟ್ಟಿಯೂ ಇರಲಿಲ್ಲ, ಗಂಡನೂ ಇರಲಿಲ್ಲ.

"ಕೊಚ್ಚ್ಯಾಗ ಕಲಿಸಿದ್ದು ಕೈಗೆ ನೆನಪಿತ್ತು. ತಲಿ ಮಾತ್ರ ಖಾಲಿ" ಎನ್ನುತ್ತಾಳೆ ಅತ್ತೆ. ತೇಲುಬಳೆ ಎಸೆದಳು. ಕೊಕ್ಕೆ ಸಿಕ್ಕಿಸಿಕೊಂಡಳು. ಹಾಯಿಯ ಹಗ್ಗ ಬಿಟ್ಟಳು, ಎಂಜಿನ್ ಹಾಕಿದಳು, ದೋಣಿ ತಿರುಗಿಸಿದಳು. ಇಷ್ಟು ಮಾಡುವಷ್ಟರಲ್ಲಿ ದೋಣಿ ಎಷ್ಟು ದೂರ ಓಡಿತ್ತೋ ಏನೋ. ಎತ್ತ ನೋಡಿದರೂ ಒಂದೇ ನೀರು. ಆಗ ನೀಲಿ ನೀರಿನ ಮೇಲೆ ಬೆಳ್ಳಗೆ, ದುಂಡಗೆ ಏನೋ ಕಂಡವು. ರೊಟ್ಟಿಗಳು, ಒಂದರ ಹಿಂದೆ ಒಂದು ತೇಲುತ್ತಿದ್ದವು. ಶಿವನೇ ದಾರಿ ತೋರಿಸಿದ ಎಂದು ಅವುಗಳ ನಡುವಿಗೇ ದೋಣಿ ನುಗ್ಗಿಸಿದಳು.

ರೊಟ್ಟಿ ಸಿಕ್ಕವು. ಮನುಷ್ಯ ಸಿಗಲಿಲ್ಲ. ಹಗುರವಾದ ರೊಟ್ಟಿಯನ್ನು ಗಾಳಿ ಒಂದು ಕಡೆ ಒಯ್ದಿತ್ತು, ಭಾರವಾದ ಮಾವನನ್ನು ನೀರು ಇನ್ನೊಂದು ಕಡೆ.

ಎಂಜಿನ್ ನಿಲ್ಲಿಸಿದಳು. "ರೀ!" ಎಂದು ಕೂಗಿದಳು. "ರೀ! ರೀ!" ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ತನ್ನ ಕೂಗು ತನಗೇ ಕೇಳಲಿಲ್ಲ. ಅಲೆ ಎದ್ದಾಗ ಎದುರಿಗೆ ನೀರಿನ ಗೋಡೆ, ಇಳಿದಾಗ ಬರೀ ಬಿಸಿಲು. ಅತ್ತೆ ಹಾಯಿಯ ಕಂಬವನ್ನು ತಬ್ಬಿ ಹಿಡಿದು, ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡಳು.

"ಏಕಾಂತಪ್ಪಾ!"

ಇದು ಸೆರಗು ಬಾಯಿಗಿಟ್ಟು ಹೇಳುವ ದನಿಯಲ್ಲ. ಎರೆಹೊಲದ ಈ ಬದುವಿನಿಂದ ಆ ಬದುವಿಗೆ, ಬುತ್ತಿ ಬಂದಿದೆ ಎಂದು ಅಪ್ಪನನ್ನು ಕರೆಯುತ್ತಿದ್ದ ಪೆದ್ದಕಡುಬೂರಿನ ಹುಡುಗಿಯ ದನಿ. ಕೊನೆಯ ಅಕ್ಷರ ನೀರಿನ ಮೇಲೆ ಉದ್ದಕ್ಕೆ ಹೋಯಿತು.

"ಏಕಾಂತಪ್ಪಾ! ಏ ಏಕಾಂತಪ್ಪಾ!"

ಎಡಗಡೆಯ ಅಲೆಯ ಆಚೆಯಿಂದ, ಸಣ್ಣಗೆ, "ಓ" ಎಂದು ಕೇಳಿತು.

ಅತ್ತೆ ಚುಕ್ಕಾಣಿ ತಿರುಗಿಸಿದಳು, ಮತ್ತೆ ಕೂಗಿದಳು, ಮತ್ತೆ ಓ. ಕೂಗು, ಓ, ಕೂಗು, ಓ. ಹೀಗೆ ಹೋಗಿ ಹೋಗಿ ನೋಡಿದರೆ ಮಾವ ತೇಲುಬಳೆಗೆ ಒಂದು ಕೈ ಹಾಕಿ ತೇಲುತ್ತಿದ್ದ. ಇನ್ನೊಂದು ಕೈಯಲ್ಲಿ ನೆನೆದು ಜೋತುಬಿದ್ದ ಅರ್ಧ ರೊಟ್ಟಿ. ಅದನ್ನು ಬಿಟ್ಟು ಏಣಿ ಹಿಡಿ ಎಂದು ಹೇಳಬೇಕಾಯಿತಂತೆ, ಅಂಥ ಮನುಷ್ಯ.

ಮೇಲೆ ಬಂದು ಬಿದ್ದವನ ಬೆನ್ನಿಗೆ ಅತ್ತೆ ಎರಡು ಗುದ್ದಿದಳು, ಟವೆಲ್ ಹೊದಿಸಿದಳು, ಅವನ ಸೊಂಟದ ಕೊಕ್ಕೆಯನ್ನು ತಾನೇ ಹಗ್ಗಕ್ಕೆ ಸಿಕ್ಕಿಸಿ, ಅವನ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತಳು. ಮಾವ ಗದಗದ ನಡುಗುತ್ತಿದ್ದರೂ ಮುಖದಲ್ಲಿ ನಗು.

"ಯಾರನ್ನ ಕರದಿ ನೀ?"

"ರೊಟ್ಟೀನ ಕರದೆ."

"ಇನ್ನೊಮ್ಮೆ ಕರಿ ನೋಡೂನು."

"ಇನ್ನೊಮ್ಮೆ ಬಿದ್ದು ನೋಡ್ರಿ, ಕರೀತೀನಿ."

ಇದನ್ನು ಊರಲ್ಲಿ ಯಾರಿಗೂ ಹೇಳಬಾರದೆಂದು ಅತ್ತೆ ಅವನಿಂದ ಆಣೆ ಮಾಡಿಸಿಕೊಂಡಳು. ನನಗೆ ಹೇಳಿದ್ದು ಅವಳೇ, ಊರಿಗೆ ಬಂದು ಎಷ್ಟೋ ದಿನವಾದ ಮೇಲೆ, ಒಲೆಯ ಮುಂದೆ. ಹೇಳುತ್ತ ಹೇಳುತ್ತ ನಗುತ್ತಿದ್ದವಳು ಇದ್ದಕ್ಕಿದ್ದಂತೆ ರೊಟ್ಟಿ ಬಡಿಯುವುದು ನಿಲ್ಲಿಸಿ, "ಆ ಹೆಸರನ್ನ ಅಷ್ಟ್ ವರ್ಷ ಬಾಯಾಗ ಕಾಯ್ದಿಟ್ಟಿದ್ದೆ ಭುವನಾ. ಅವತ್ತು ಓ ಅನ್ನಾಕ ಅವರಾ ಇಲ್ದಿದ್ರ, ಅದನ್ನ ಇಟಗೊಂಡು ನಾ ಏನ್ ಮಾಡ್ಬೇಕಿತ್ತು?" ಎಂದಳು. ತವೆಯ ಮೇಲಿದ್ದ ರೊಟ್ಟಿ ಸೀದುಹೋಯಿತು.

ಆದರೆ ಅವರು ಊರಿಗೆ ಬಂದ ದಿನ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಕೊಚ್ಚಿಯಲ್ಲಿ ದೋಣಿ ಕಟ್ಟಿ ರೈಲು ಹತ್ತಿದ್ದೇವೆಂದು ಫೋನು ಬಂದಾಗ ನಮ್ಮವ್ವ ನಿಧಿ ಸಿಕ್ಕವಳಂತೆ ಎದ್ದು ಕೂತಳು. "ಈ ಸಲ ಬಗ್ಗಾಕ ಬಿಡಂಗಿಲ್ಲ" ಎಂದು ಘೋಷಿಸಿದಳು. ಬೆನ್ನು ಬಾಗಿದೆ, ಕೈಯಲ್ಲಿ ಊರುಗೋಲು ಬಂದಿದೆ, ಹಟ ಮಾತ್ರ ಮದುವೆಯ ದಿನದ್ದೇ. ತಮ್ಮನ ಮನೆಗೆ ಹೋಗಿ ಹೊಸ್ತಿಲ ಮೇಲೆ ನಿಂತು, ಊರುಗೋಲನ್ನು ಬಾಗಿಲಿಗೆ ಅಡ್ಡಲಾಗಿ, ಮೊಣಕಾಲೆತ್ತರಕ್ಕೆ ಹಿಡಿದು ಅಭ್ಯಾಸವನ್ನೂ ಮಾಡಿಕೊಂಡಳು. ಇದರ ಕೆಳಗೆ ಬೆಕ್ಕು ಕೂಡ ನುಸುಳಲಾರದು ಎಂದು ಅವಳಿಗೆ ಸಮಾಧಾನವಾಯಿತು.

ಆಟೊ ಬಂದು ನಿಂತಾಗ ಓಣಿಯೇ ನೆರೆದಿತ್ತು. ಎದುರು ಮನೆಯ ಸುಭದ್ರಮ್ಮ ತೆಲುಗಿನಲ್ಲಿ, "ಅಯ್ಯೋ, ಎಂತ ನಲ್ಲಗಾ ಅಯಿಪೋಯಿಂದಿ!" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ನಿಜ, ಅತ್ತೆ ಕರ್ರಗಾಗಿದ್ದಳು, ತೆಳ್ಳಗಾಗಿದ್ದಳು, ಆದರೆ ನಡೆಯುವಾಗ ಕಾಲು ಅಗಲಿಸಿ ನೆಲವನ್ನು ಒತ್ತಿ ಒತ್ತಿ ಇಡುತ್ತಿದ್ದಳು, ನೆಲ ಎಲ್ಲಿ ಜಾರೀತೋ ಎಂಬಂತೆ. ಹಾಲೇಶ್ ಅವಳನ್ನು ತಬ್ಬಿಕೊಂಡು ಬಿಕ್ಕಿದ, ಅವನಿಗೆ ಬಿಕ್ಕಳಿಕೆಯೂ ಶುರುವಾಯಿತು. ನಾನು ಕುಂಕುಮದ ನೀರು ನಿವಾಳಿಸಿದೆ. ಮಾವ ಇನ್ನೂ ಆಟೊದ ಹಿಂದೆ ಚೀಲಗಳನ್ನು ಇಳಿಸಿಕೊಳ್ಳುತ್ತಿದ್ದ.

ಅತ್ತೆ ಹೊಸ್ತಿಲಿಗೆ ಬಂದಳು. ಅವ್ವನ ಕೋಲು ಅಡ್ಡ ಬಂತು.

"ನೆಟ್‌ವರ್ಕ್ ಐತೇನು ಈಗ?" ಎಂದಳು ಅವ್ವ.

ಓಣಿ ನಕ್ಕಿತು. ನಾನು ಅತ್ತೆಯ ಮುಖ ನೋಡಿದೆ. ಯಾವಾಗಿನಂತೆ ತಲೆ ತಗ್ಗಿಸುತ್ತಾಳೆ, ಏನೋ ಕೆಲಸ ನೆನಪಿಸಿಕೊಳ್ಳುತ್ತಾಳೆ, ಬೇಕಾದರೆ ಕಿಟಕಿ ಹತ್ತಿ ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅತ್ತೆ ಬಗ್ಗಲಿಲ್ಲ. ಸೆರಗನ್ನು ಬಾಯಿಗೆ ತರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದಳು. ಎದೆ ತುಂಬ ಉಸಿರೆಳೆದುಕೊಂಡು, ನಮ್ಮವ್ವನಿಗಲ್ಲ, ಇಡೀ ಓಣಿಗೆ, ಓಣಿಯಾಚೆಯ ಹತ್ತಿ ಜಿನ್ನಿಂಗ್ ಮಿಲ್ಲಿಗೂ ಕೇಳುವಂತೆ ಹೇಳಿದಳು:

"ನೀರಿಗೆ ದಂಡಿ ಇಲ್ಲ, ಗಾಳಿಗೆ ಮನಿ ಇಲ್ಲ,
ಏಕಾಂತಪ್ಪಾ ಅಂತ ಕೂಗಿದ್ರ, ಓ ಅನ್ನದ ದಿನ ಇಲ್ಲ!"

"ಓ!"

ಆಟೊದ ಹಿಂದಿನಿಂದ ಬಂತು. ಮಾವನಿಗೆ ಒಡಪಿನ ಅರಿವೂ ಇಲ್ಲ, ನೆರೆದ ಓಣಿಯ ಅರಿವೂ ಇಲ್ಲ. ಹೆಸರು ಕೇಳಿದ್ದೇ ತಡ, ಕೈಯಲ್ಲಿದ್ದ ಚೀಲ ನೆಲಕ್ಕೆ ಬಿಟ್ಟು ಒಂದು ಕೈ ಮೇಲೆತ್ತಿ ನಿಂತುಬಿಟ್ಟಿದ್ದ.

ಜನ ಚಪ್ಪಾಳೆ ತಟ್ಟಿ ನಕ್ಕರು. ನಮ್ಮವ್ವನ ಕೋಲು ತಾನಾಗಿ ಕೆಳಗಿಳಿಯಿತು. ಅತ್ತೆ ಮಾತ್ರ ನಗಲಿಲ್ಲ. ಒಮ್ಮೆ ಹಿಂತಿರುಗಿ, ಅವನು ಅಲ್ಲಿಯೇ ನಿಂತಿದ್ದಾನೆಂದು ನೋಡಿಕೊಂಡು, ಬಲಗಾಲಿಟ್ಟು ಒಳಗೆ ಹೋದಳು.